ಕಿನ್ನೋ: ಬೀಜ ಜಾಸ್ತಿ, ಆದರೂ ರಸಕ್ಕೆ ನನಗೆ ಇದೇ ಬೇಕು

ಚಳಿಗಾಲ ಶುರುವಾದರೆ ನಾನು ಕಾಯುವುದು ಕಿನ್ನೋಗೆ. ನೋಡಲು ಕಿತ್ತಳೆಯೇ, ಆದರೆ ಬಣ್ಣ ಗಾಢ, ಸಿಪ್ಪೆ ತೆಳು, ಮುಟ್ಟಿದರೆ ನುಣುಪು. ಕೆಲವು ಕಿತ್ತಳೆಗಳ ಹಾಗೆ ಸಿಪ್ಪೆ ಸಡಿಲವಾಗಿ ಎದ್ದು ಬರುವುದಿಲ್ಲ, ತೊಳೆಗಳಿಗೆ ಸ್ವಲ್ಪ ಅಂಟಿಕೊಂಡೇ ಇರುತ್ತದೆ, ತೊಟ್ಟಿನ ಹತ್ತಿರ ಉಗುರು ಹಾಕಿ ನಿಧಾನಕ್ಕೆ ಸುಲಿಯಬೇಕು.

ಇದು ಮಿಶ್ರತಳಿ. ಕಿಂಗ್, ವಿಲೋ ಲೀಫ್ ಅನ್ನುವ ಎರಡು ಮ್ಯಾಂಡರಿನ್ ಕಿತ್ತಳೆಗಳನ್ನು ಸೇರಿಸಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಚ್. ಬಿ. ಫ್ರಾಸ್ಟ್ ಅನ್ನುವ ವಿಜ್ಞಾನಿ ಬೆಳೆಸಿದ್ದು, ಬೆಳೆಗಾರರಿಗೆ ಸಿಕ್ಕಿದ್ದು 1935ರಲ್ಲಿ. ಆದರೆ ಅದಕ್ಕೆ ನಿಜವಾಗಿ ಒಗ್ಗಿದ ನೆಲ ಪಂಜಾಬ್. ಗಡಿಯ ಈಚೆ ನಮ್ಮ ಅಬೋಹರ್, ಆಚೆ ಪಾಕಿಸ್ತಾನದ ಸರ್ಗೋಧಾ, ಎರಡೂ ಕಡೆ ತೋಟಗಳು ತುಂಬಿವೆ. ಒಂದು ವರ್ಷ ಮರ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟರೆ ಮುಂದಿನ ವರ್ಷ ಕಡಿಮೆ ಬಿಡುವುದೂ ಇದರ ಗುಣ.

ರುಚಿ ಹೇಳಬೇಕೆಂದರೆ, ಸಿಹಿಯ ಜೊತೆ ಚುರುಕಾದ ಹುಳಿ ಇದೆ, ಅದಕ್ಕೇ ನನಗೆ ಇಷ್ಟ. ಬರೀ ಸಿಹಿಯಾದ ಹಣ್ಣು ಎರಡು ತೊಳೆಗೆ ಸಾಕಾಗುತ್ತದೆ, ಇದು ಹಾಗಲ್ಲ. ಬೀಜ ಮಾತ್ರ ವಿಪರೀತ. ಒಂದೇ ಹಣ್ಣಿನಲ್ಲಿ ಹನ್ನೆರಡು, ಹದಿನೈದು, ಕೆಲವೊಮ್ಮೆ ಇಪ್ಪತ್ತು! ಚಿಕ್ಕ ಮಕ್ಕಳಿಗೆ ಕೊಡುವುದಾದರೆ ತೊಳೆ ಬಿಡಿಸಿ ಬೀಜ ತೆಗೆದೇ ಕೊಡಿ.

ರಸ ಧಾರಾಳವಾಗಿ ಬರುತ್ತದೆ, ಹಾಗಾಗಿ ಹಿಂಡಿ ಕುಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಹಣ್ಣು ನನಗೆ ಬೇರೆ ಇಲ್ಲ, ಆದರೆ ಒಂದು ವಿಷಯ ಗೊತ್ತಿರಲೇಬೇಕು. ಮೊದಲ ಸಲ ಒಂದು ಜಗ್ ಹಿಂಡಿ ಫ್ರಿಜ್‌ನಲ್ಲಿಟ್ಟೆ, ಬೆಳಿಗ್ಗೆ ಬಾಯಿಗೆ ಇಡಲಾಗದಷ್ಟು ಕಹಿ. ಹಣ್ಣು ಕೆಟ್ಟಿತ್ತು ಅಂದುಕೊಂಡೆ, ಹಾಗಲ್ಲವಂತೆ. ಹಣ್ಣಿನೊಳಗೆ ಕಹಿಯೇ ಇಲ್ಲದ ಒಂದು ಅಂಶ ಇರುತ್ತದೆ, ಹಿಂಡಿದ ಮೇಲೆ ರಸದ ಹುಳಿಗೆ ಸಿಕ್ಕಿ ಅದು ನಿಧಾನವಾಗಿ ಲಿಮೋನಿನ್ ಆಗುತ್ತದೆ, ಕಹಿ ಅದರದ್ದು. ಬೀಜದಲ್ಲಿ, ತೊಳೆಯ ಪೊರೆಯಲ್ಲಿ ಅದು ಜಾಸ್ತಿ. ಆದ್ದರಿಂದ ತೊಳೆಗಳನ್ನು ಬೀಜದ ಸಮೇತ ಮಿಕ್ಸಿಗೆ ಹಾಕಲೇಬೇಡಿ. ಅಡ್ಡಕ್ಕೆ ಕತ್ತರಿಸಿ, ಕೈಯಲ್ಲಿ ಮೆಲ್ಲಗೆ ಹಿಂಡಿ, ಸೋಸಿ, ಆಗಲೇ ಕುಡಿದುಬಿಡಿ. ಸಕ್ಕರೆಯ ಮಾತೇ ಬರುವುದಿಲ್ಲ.

ಆರಿಸುವಾಗ ಬಣ್ಣಕ್ಕಿಂತ ತೂಕ ನೋಡಿ. ಒಂದೇ ಗಾತ್ರದ ಎರಡು ಹಣ್ಣು ಕೈಯಲ್ಲಿ ಹಿಡಿದರೆ ಭಾರವಾದದ್ದರಲ್ಲಿ ರಸ ಹೆಚ್ಚು. ಸೀಸನ್ ಶುರುವಿನ ಹಣ್ಣು ತುಂಬಾ ಹುಳಿ ಇದ್ದರೆ ಮನೆಯಲ್ಲಿಟ್ಟು ಮಾಗಿಸೋಣ ಅಂತ ಕಾಯಬೇಡಿ, ಕಿತ್ತ ಮೇಲೆ ಇದು ಮಾವು, ಬಾಳೆಯ ಹಾಗೆ ಮಾಗುವ ಹಣ್ಣಲ್ಲ. ಜನವರಿಯ ಹಣ್ಣು ಬರಲಿ, ಆಗ ತನ್ನಿ.