ಕೇಸರಿ ಬಲಕ್ಕೆ ಬರಬೇಕು: ದೇವಯ್ಯನವರ ಪದಕದ ಫ್ರೇಮ್ ಮಾಡಿಸಿದ್ದು

ನಮ್ಮೂರ ಶಾಲೆಯ ಹೆಡ್‌ಮೇಷ್ಟ್ರು ಜೂನ್‌ನಲ್ಲಿ ಫೋನ್ ಮಾಡಿದ್ದರು. ಲೈಬ್ರರಿ ಗೋಡೆಗೆ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಫೋಟೋ, ಪದಕ ಇರುವ ಒಂದು ಫ್ರೇಮ್ ಬೇಕು, ಸೆಪ್ಟೆಂಬರ್ 7ರ ಒಳಗೆ ಆಗಬೇಕು ಅಂದರು. ನಾನು ಏರ್‌ಫೋರ್ಸ್‌ನಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು. ದೇವಯ್ಯನವರ ಹಾಗೆ ಕೊಡಗಿನವನು ಬೇರೆ. ಈ ಕೆಲಸ ನನ್ನ ಪಾಲಿಗೆ ಬಂದಿದ್ದು ನನಗೆ ತುಂಬ ಖುಷಿ ಕೊಟ್ಟಿತು.

ಬೆಂಗಳೂರಿನಲ್ಲಿ ಮಿಲಿಟರಿ ಯೂನಿಫಾರ್ಮ್ ಹೊಲಿದು, ಪದಕ ಮೌಂಟ್ ಮಾಡಿಕೊಡುವ ಒಂದು ಸಣ್ಣ ಅಂಗಡಿಗೆ ಕೊಟ್ಟೆ. ಮಾದರಿ ಪದಕ, ರಿಬ್ಬನ್, ಫೋಟೋ, ಹಿತ್ತಾಳೆ ಫಲಕ, ತೇಗದ ಬಾಕ್ಸ್ ಫ್ರೇಮ್ ಎಲ್ಲ ಸೇರಿ 5,800 ರೂಪಾಯಿ. ಮೂರು ವಾರ ಅಂದರು, ಐದು ವಾರ ಆಯಿತು. ಮಧ್ಯೆ ಒಂದು ತಪ್ಪಾಗಿ, ಅದನ್ನು ಅವರೇ ಸರಿ ಮಾಡಿಕೊಟ್ಟರು. ಹಾಗಾಗಿ ಅಂಗಡಿಯ ಹೆಸರು ಹಾಕುತ್ತಿಲ್ಲ. ಇಂಥದ್ದನ್ನು ಎಲ್ಲೇ ಮಾಡಿಸಿದರೂ ಏನೇನು ನೋಡಿಕೊಳ್ಳಬೇಕು ಅನ್ನೋದನ್ನು ಹೇಳುತ್ತೇನೆ.

ಫಲಕಕ್ಕೆ ನಾನು ಬರೆದುಕೊಟ್ಟದ್ದು ಇಷ್ಟೇ: ಅಜ್ಜಮಾಡ ಬೋಪಯ್ಯ ದೇವಯ್ಯ, 1 ಸ್ಕ್ವಾಡ್ರನ್, ಸರ್ಗೋಧಾ, 7 ಸೆಪ್ಟೆಂಬರ್ 1965. ಮಹಾವೀರ ಚಕ್ರ, ಮರಣೋತ್ತರ, 1988. ಅಂಗಡಿಯ ಹುಡುಗ ಚೀಟಿ ಓದಿ ತಲೆ ಎತ್ತಿದ. "ಸಾರ್, ಇಸವಿ ತಪ್ಪಿದೆ, 1965 ಅಲ್ವಾ?" ಅಂದ. ಇಲ್ಲಪ್ಪ, ಎರಡೂ ಸರಿ ಅಂದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ನಿಂತಲ್ಲೇ ಪೂರ್ತಿ ಕತೆ ಹೇಳಿದೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್‌ನಲ್ಲಿ. ವಾಯುಪಡೆ ಸೇರಿದ್ದು 1954ರಲ್ಲಿ. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರಾಗಿದ್ದರು. ಯುದ್ಧ ಬಂದಾಗ ಆದಂಪುರದಲ್ಲಿದ್ದ 1 ಸ್ಕ್ವಾಡ್ರನ್‌ಗೆ ಹೋದರು. ಸರ್ಗೋಧಾ ಅಂದರೆ ಪಾಕಿಸ್ತಾನದ ದೊಡ್ಡ ವಾಯುನೆಲೆ. ಅದರ ಮೇಲಿನ ದಾಳಿಗೆ 12 ಮಿಸ್ಟೇರ್ ವಿಮಾನಗಳು ಹೋಗುವುದೆಂದು ಗೊತ್ತಾಗಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ, ಸ್ಟ್ಯಾಂಡ್‌ಬೈ ಆಗಿದ್ದರು. ಯಾರಾದರೂ ಹಿಂದೆ ಸರಿದರೆ ಮಾತ್ರ ಅವರ ಸರದಿ. ಕೊನೆಗೆ ಅವರೂ ಹೋದರು.

ಅಲ್ಲಿ ಅವರ ಮೇಲೆ ಬಿದ್ದದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವ ವಿಮಾನ ಅದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಸ್ಟಾರ್‌ಫೈಟರ್‌ನ ಗುಂಡು ತಾಗಿ ದೇವಯ್ಯನವರ ವಿಮಾನಕ್ಕೆ ಪೆಟ್ಟಾಯಿತು. ಇದರ ಕತೆ ಮುಗಿಯಿತು ಅಂತ ಎದುರಾಳಿ ತಿಳಿದ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದರು. ಆ ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಇಜೆಕ್ಟ್ ಆಗಿ ಬದುಕಿಕೊಂಡರು. ದೇವಯ್ಯ ಬರಲಿಲ್ಲ. ಅವರಿಗೆ ಏನಾಯಿತು ಅಂತ ಜೊತೆಗೆ ಹೋದವರು ಯಾರೂ ನೋಡಿರಲಿಲ್ಲ. ಕಾಗದದಲ್ಲಿ ಅವರು ಬರೀ "ಕಾಣೆಯಾದವರು". 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಬಗ್ಗೆ ಬರೆದಾಗ ವಿಷಯ ಹೊರಬಂತು. ಪದಕ ಬಂದದ್ದು 1988ರಲ್ಲಿ. 23 ವರ್ಷ ಆದ ಮೇಲೆ.

ಹುಡುಗ ಮಾತಾಡಲಿಲ್ಲ. ಚೀಟಿಯಲ್ಲಿ 1988ರ ಕೆಳಗೆ ಒಂದು ಗೆರೆ ಎಳೆದಿಟ್ಟುಕೊಂಡ.

ಅಂಗಡಿ ಮಾಲೀಕರು ಮಾತ್ರ ಒಂದು ಸಲಹೆ ಕೊಟ್ಟರು. ಒಂದೇ ಪದಕ ಇದ್ದರೆ ಫ್ರೇಮ್ ಖಾಲಿ ಕಾಣುತ್ತೆ, 65ರ ಯುದ್ಧದ ಸಮರ ಸೇವಾ ಸ್ಟಾರ್, ರಕ್ಷಾ ಪದಕ ಎರಡನ್ನೂ ಪಕ್ಕಕ್ಕೆ ಸೇರಿಸೋಣ ಅಂದರು. ಬೇಡವೇ ಬೇಡ ಅಂದೆ. ಪದಕ ಗೋಡೆಯ ಅಲಂಕಾರಕ್ಕೆ ಇಡುವ ವಸ್ತುವಲ್ಲ. ಜಾಗ ಖಾಲಿ ಇದ್ದರೆ ಇರಲಿ.

ಇನ್ನು ತಪ್ಪಿನ ವಿಷಯ. ನಾಲ್ಕನೇ ವಾರ ವಾಟ್ಸಾಪಿನಲ್ಲಿ ಫೋಟೋ ಬಂತು. ಮರ ಚೆನ್ನಾಗಿತ್ತು, ಅಕ್ಷರ ಚೆನ್ನಾಗಿತ್ತು. ರಿಬ್ಬನ್ ಉಲ್ಟಾ ಇತ್ತು! ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ತೊಟ್ಟವರ ಎಡ ಭುಜದ ಕಡೆಗೆ ಕೇಸರಿ ಬರಬೇಕು. ಅಂದರೆ ಎದುರಿಗೆ ನಿಂತು ನೋಡುವ ನಮಗೆ ಕೇಸರಿ ಬಲಗಡೆ ಕಾಣಬೇಕು. ಇವರು ಎಡಕ್ಕೆ ತಂದಿದ್ದರು. ನೋಡಿದವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಇದು ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಆ ಮನುಷ್ಯ ಈ ರಿಬ್ಬನ್‌ಗಾಗಿ ಅಷ್ಟು ವರ್ಷ ಕಾಯಬೇಕಾಯಿತು. ನಾವು ಅದನ್ನು ತಿರುಗುಮುರುಗಾಗಿ ನೇತುಹಾಕಬಾರದು. ಫೋನ್ ಮಾಡಿ ಹೇಳಿದೆ. ಅವರು ವಾದ ಮಾಡಲಿಲ್ಲ, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಪೂರ್ತಿ ಬಿಚ್ಚಿ ಹೊಸ ರಿಬ್ಬನ್ ಹಾಕಿದರು. ತಡವಾದದ್ದು ಇದರಿಂದಲೇ.

ತರಲು ಹೋದಾಗ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದೆ. ದುಂಡು ಪದಕ, ಬೆಳ್ಳಿ ಬಣ್ಣ. ಐದು ಮೂಲೆಯ ನಕ್ಷತ್ರ, ಅದರ ತುದಿಗಳು ಅಂಚಿಗೆ ತಾಗಿಯೂ ತಾಗದ ಹಾಗಿವೆ. ನಡುವೆ ಚಕ್ರ, ಅದರ ಮೇಲೆ ಉಬ್ಬಿದ ರಾಷ್ಟ್ರಲಾಂಛನ. ಲಾಂಛನಕ್ಕೆ ಚಿನ್ನದ ಬಣ್ಣ ಇರಬೇಕು, ಇತ್ತು. ಅಗ್ಗದ ಮಾದರಿಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ಸಿಂಹಗಳ ಮುಖವೂ ಕರಗಿದ ಬೆಲ್ಲದ ಹಾಗಿರುತ್ತೆ. ಇದರಲ್ಲಿ ಮುಖ ಸ್ಪಷ್ಟವಾಗಿದೆ. ಪದಕವನ್ನು ಗೋಂದು ಹಾಕಿ ಅಂಟಿಸಿಲ್ಲ, ಹಿಂದಿನ ಬಟ್ಟೆಗೆ ದಾರದಲ್ಲಿ ಹೊಲಿದಿದ್ದಾರೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬೇಕಾದಾಗ ಬಿಚ್ಚಿ ಮಕ್ಕಳಿಗೆ ಹಿಂಬದಿಯ ಎರಡು ತಾವರೆ ತೋರಿಸಬಹುದು.

ಫೋಟೋ ಪ್ರಿಂಟ್ ಸಾಧಾರಣ. ಸ್ವಲ್ಪ ಜಾಸ್ತಿ ಕಪ್ಪಾಗಿದೆ.

ಮಿಸ್ಟೇರ್‌ನ ಸಣ್ಣ ಮಾದರಿಯನ್ನು ಬೇರೆ ಕಡೆಯಿಂದ 2,100 ರೂಪಾಯಿಗೆ ತರಿಸಿ ಫ್ರೇಮಿನ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಮೂತಿಯಲ್ಲೇ ಗಾಳಿ ಒಳಗೆ ಹೋಗುವ ಬಾಯಿ, ಹಿಂದಕ್ಕೆ ಬಾಗಿದ ರೆಕ್ಕೆ, ಎಲ್ಲ ಸರಿಯಾಗಿದೆ. ರೆಕ್ಕೆಯ ಮೇಲಿನ ಗುರುತೂ ಸರಿ: ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ.

ಕೊಡಗಿನವರು ಮಾಡಿಸುವುದಾದರೆ ಒಂದು ಮಾತು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ, ವೆಲ್ವೆಟ್ ಬಟ್ಟೆಯನ್ನು ಬಿಡುತ್ತಾ? ಫ್ರೇಮಿನ ಹಿಂಬದಿಯನ್ನು ಪೂರ್ತಿ ಸೀಲ್ ಮಾಡಿಸಿ, ಒಳಗೆ ಸಿಲಿಕಾ ಜೆಲ್ ಇಡಿಸಿ. ನಾನು ಶಾಲೆಗೆ ಕೊಡುವ ಮೊದಲು ಆಗಸ್ಟ್ ಪೂರ್ತಿ ನಮ್ಮ ಮನೆಯ ಜಗಲಿ ಗೋಡೆಗೆ ಹಾಕಿ ನೋಡಿದೆ. ಗಾಜಿನ ಒಳಗೆ ಒಂದು ದಿನವೂ ಮಂಜು ಕಟ್ಟಲಿಲ್ಲ.

ಸೆಪ್ಟೆಂಬರ್ 7ರ ಬೆಳಿಗ್ಗೆ ನಾನೇ ಮೊಳೆ ಹೊಡೆದು ಹಾಕಿದೆ. ಸಿಲಿಕಾ ಜೆಲ್ ಪೊಟ್ಟಣವನ್ನು ಪ್ರತಿ ವರ್ಷ ಮೇ ಕೊನೆಗೆ ಬದಲಿಸಬೇಕು ಅಂತ ಫ್ರೇಮಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅದರ ಕೆಳಗೆ ಇನ್ನೊಂದು ಸಾಲು: ರಿಬ್ಬನ್ ಬಿಚ್ಚಿದರೆ ಮತ್ತೆ ಕಟ್ಟುವಾಗ ಕೇಸರಿ ಬಲಕ್ಕೆ.