ಆಲ್ಟೊ ಅಡಿಜೆ, ನಂದಿ, ನಾಸಿಕ: ಮಲೆನಾಡಿನ ಊಟದ ಜೊತೆ ಮೂರು ಸೀಮೆಯ ವೈನುಗಳ ಹೋಲಿಕೆ

ಇಟಲಿಯ ಉತ್ತರ ತುದಿಯಲ್ಲಿ ಆಲ್ಪ್ಸ್ ಪರ್ವತಗಳ ನಡುವೆ ಇರುವ ಆಲ್ಟೊ ಅಡಿಜೆಯನ್ನು ವೈನ್ ಬಲ್ಲವರು ತಂಪು ಹವೆಯ ಬೆಟ್ಟದ ಸೀಮೆ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಅದರ ಮುಖ್ಯ ಪಟ್ಟಣ ಬೋಲ್ಜಾನೊ ಇರುವುದು ಸಮುದ್ರಮಟ್ಟದಿಂದ ಸುಮಾರು 260 ಮೀಟರ್ ಎತ್ತರದಲ್ಲಿ. ನಮ್ಮ ಶಿವಮೊಗ್ಗವೇ ಅದರ ಎರಡು ಪಟ್ಟು ಎತ್ತರದಲ್ಲಿದೆ. ಜುಲೈ ತಿಂಗಳ ನಡುಹಗಲಿನಲ್ಲಿ ಆ ಊರು ಇಟಲಿಯ ಅತಿ ಬಿಸಿಯ ಊರುಗಳ ಸಾಲಿಗೆ ಸೇರುವುದೂ ಉಂಟು. ಹಾಗಿದ್ದ ಮೇಲೆ ಆ ತಂಪು ಎಲ್ಲಿಂದ ಬರುತ್ತದೆ, ಬಾಟಲಿಯ ಬಿರಡೆ ತೆಗೆದಾಗ ಅದು ನಾಲಿಗೆಗೆ ಗೊತ್ತಾಗುತ್ತದೆಯೇ, ನಂದಿಬೆಟ್ಟದ ತಪ್ಪಲಿನ ಮತ್ತು ನಾಸಿಕದ ವೈನುಗಳ ಪಕ್ಕದಲ್ಲಿ ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ತೀರ್ಥಹಳ್ಳಿಯ ಮನೆಯಲ್ಲಿ, ನಮ್ಮದೇ ಅಡುಗೆಯ ಜೊತೆಗೆ ಪರೀಕ್ಷಿಸಿದ್ದೇನೆ. ಇಟಲಿಯ ಬಾಟಲಿಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಭಾವ ರಜೆಗೆ ಬಂದಾಗಲೆಲ್ಲ ತಂದವು. ಸುಂಕವಿಲ್ಲದೆ ತರಲು ಬಿಡುವುದು ತಲೆಗೆ ಎರಡು ಲೀಟರ್ ಮಾತ್ರ, ಅಂದರೆ ಎರಡೇ ಬಾಟಲಿ. ಆದ್ದರಿಂದ ಈ ಹೋಲಿಕೆ ಹಲವು ರಜೆಗಳ ಮೇಲೆ ಹರಡಿಕೊಂಡಿದೆ.

ಮೊದಲು ನೆಲದ ವಿಚಾರ. ಆಲ್ಟೊ ಅಡಿಜೆಯ ದ್ರಾಕ್ಷಿ ತೋಟಗಳು ಕಣಿವೆಯ ತಳದ ಸುಮಾರು 200 ಮೀಟರಿನಿಂದ ಹಿಡಿದು 1,000 ಮೀಟರಿನವರೆಗೂ ಇಳಿಜಾರಿನ ಮೇಲೆ ಹತ್ತಿಕೊಂಡಿವೆ. ಉತ್ತರದ ಕೊರೆಯುವ ಗಾಳಿಯನ್ನು ಆಲ್ಪ್ಸ್ ತಡೆಯುತ್ತದೆ; ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಗಾರ್ಡಾ ಸರೋವರದ ಕಡೆಯಿಂದ ಓರಾ ಎಂಬ ಗಾಳಿ ಬೀಸಿ ಎಲೆಗಳ ಪಸೆಯನ್ನು ಆರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಮೇಲಿನ ಬೆಟ್ಟಗಳಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ಹಗಲಿನ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ, ರಾತ್ರಿಯ ಚಳಿಗೆ ಹುಳಿ ಉಳಿಯುತ್ತದೆ. ಅಲ್ಲಿನ ತೋಟಗಳು ಬಹುಪಾಲು ಚಿಕ್ಕ ಹಿಡುವಳಿಗಳು. ನಮ್ಮ ಅಡಿಕೆ ಬೆಳೆಗಾರರು ಮಾಮ್‌ಕೋಸ್‌ಗೆ ಮಾಲು ಹಾಕುವಂತೆ ಅಲ್ಲಿಯವರು ಸಹಕಾರ ಸಂಘಗಳಿಗೆ ಹಣ್ಣು ಕೊಡುತ್ತಾರೆ. ಆ ಸೀಮೆಯ ವೈನಿನಲ್ಲಿ ಹೆಚ್ಚು ಪಾಲು ತಯಾರಾಗುವುದು ಇಂಥ ಸಂಘಗಳಲ್ಲೇ, ಅವುಗಳಲ್ಲೊಂದಾದ ಟೆರ್ಲಾನೊದ ಸಂಘ 1893ರಷ್ಟು ಹಳೆಯದು.

ನಂದಿ ತಪ್ಪಲಿನ ತೋಟಗಳು ಸುಮಾರು 900 ಮೀಟರಿನ ಆಸುಪಾಸಿನಲ್ಲಿವೆ. ಎತ್ತರವೊಂದನ್ನೇ ನೋಡಿದರೆ ಆಲ್ಟೊ ಅಡಿಜೆಯ ಬಹುಪಾಲು ತೋಟಗಳಿಗಿಂತ ಇವೇ ಮೇಲೆ. ವ್ಯತ್ಯಾಸವಿರುವುದು ಹಣ್ಣು ಮಾಗುವ ಕಾಲದಲ್ಲಿ. ಆಲ್ಪ್ಸ್‌ನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲಿಗೆ ಬರುತ್ತದೆ. ಅಂದರೆ ಹಣ್ಣು ಬಿಸಿಯಿಂದ ತಂಪಿನ ಕಡೆಗೆ ಹೋಗುತ್ತಾ ಮಾಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ಏಪ್ರಿಲ್‌ನಲ್ಲೊಮ್ಮೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಚಾಟ್ನಿ ಮಾಡಿ, ಅಂದರೆ ಬಳ್ಳಿಯನ್ನು ಸವರಿ, ಎರಡನೆಯ ಚಿಗುರಿನಲ್ಲಿ ಬಂದ ಹಣ್ಣನ್ನು ಫೆಬ್ರವರಿ–ಮಾರ್ಚ್‌ನ ಹೊತ್ತಿಗೆ ಕೊಯ್ಯುತ್ತಾರೆ. ಇಲ್ಲಿ ಹಣ್ಣು ತಂಪಿನಿಂದ ಬಿಸಿಯ ಕಡೆಗೆ ಮಾಗುತ್ತದೆ. ಶಿವರಾತ್ರಿ ಕಳೆಯುತ್ತಿದ್ದಂತೆ ಹಗಲು ಏರತೊಡಗುತ್ತದೆ, ಹಣ್ಣಿನ ಹುಳಿ ದಿನದಿನಕ್ಕೂ ಇಳಿಯುತ್ತದೆ. ಹುಳಿ ಉಳಿಸಿಕೊಳ್ಳಲು ಬೇಗ ಕೊಯ್ದರೆ ಹಸಿವಾಸನೆ, ಪರಿಮಳಕ್ಕಾಗಿ ಕಾದರೆ ಸಪ್ಪೆ. ಈ ಇಕ್ಕಟ್ಟು ಬಾಟಲಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅನುಭವ.

ನಮ್ಮ ಮಲೆನಾಡಿನಲ್ಲಿಯೇ ಯಾಕೆ ಬೆಳೆಯಬಾರದು ಎಂದು ಕೇಳುವವರಿದ್ದಾರೆ. ಬೋಲ್ಜಾನೊದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಆಗುಂಬೆಯ ಸರಾಸರಿ 7,000ಕ್ಕೂ ಮಿಕ್ಕಿದ್ದು. ದ್ರಾಕ್ಷಿಯ ಬೂಜುರೋಗಕ್ಕೆ ಎಲೆಯ ಮೇಲೆ ನೀರು ನಿಂತರೆ ಸಾಕು. ಅಡಿಕೆಯ ಕೊಳೆರೋಗವೂ ಇದೇ ಬಗೆಯ ಜೀವಿಯಿಂದ ಬರುವಂಥದ್ದು, ಎರಡಕ್ಕೂ ಮದ್ದು ಒಂದೇ. ದ್ರಾಕ್ಷಿಯ ಬೂಜಿಗೆಂದು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅಡಿಕೆಗೆ ಹೊಂದಿಸಿದರು. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಕಲಸಿ, ರಾಳದ ಅಂಟು ಬೆರೆಸಿ, ಮಳೆ ಬಿಟ್ಟ ಗಳಿಗೆ ನೋಡಿ ಅಡಿಕೆಗೊನೆಗೆ ಹೊಡೆಯುವ ಕಷ್ಟವನ್ನು ಬಲ್ಲ ನೆರೆಮನೆಯವರೊಬ್ಬರು, ಲೋಟ ಕೈಯಲ್ಲಿ ಹಿಡಿದುಕೊಂಡು, "ಇದಕ್ಕೂ ಮೈಲುತುತ್ತ ಹೊಡೀತಾರಾ ಮಾರಾಯ್ರೇ? ಹಂಗಾದ್ರೆ ನಮಗೆ ಅಡಿಕೆಯೇ ಸಾಕು" ಎಂದರು. ಅವರ ಮಾತಿಗೆ ನಾನು ಸೇರಿಸುವುದೇನೂ ಇಲ್ಲ.

ಒಂದೇ ತಳಿಯ ಎರಡು ವೈನುಗಳನ್ನು ಇಟ್ಟರೆ ಹೋಲಿಕೆ ನ್ಯಾಯವಾಗಿರುತ್ತದೆಂದು ಮೊದಲು ಸಾವಿಗ್ನಾನ್ ಬ್ಲಾಂಕ್ ತೆಗೆದುಕೊಂಡೆ. ಎರಡನ್ನೂ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಒಂದೇ ಬಗೆಯ ಲೋಟಗಳಿಗೆ ಸುರಿದೆವು. ನಂದಿ ಕಡೆಯದು ಮೂಗಿಗೆ ಬೇಗ ಸಿಗುತ್ತದೆ: ಕೊಯ್ದ ದೊಣ್ಣೆಮೆಣಸಿನಕಾಯಿ, ಹಸಿ ಹುಲ್ಲು, ಹಿಂದೆ ತುಸು ನಿಂಬೆ. ಬಾಯಲ್ಲಿ ಹುಳಿ ಮೊದಲ ಗುಟುಕಿಗೆ ಚುರುಕಾಗಿರುತ್ತದೆ, ನುಂಗಿದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಲ್ಟೊ ಅಡಿಜೆಯದ್ದಕ್ಕೆ ಆರಂಭದಲ್ಲಿ ಪರಿಮಳವೇ ಇಲ್ಲವೆನ್ನಿಸಿತು. ಹತ್ತು ನಿಮಿಷ ಲೋಟದಲ್ಲಿ ಬಿಟ್ಟ ಮೇಲೆ ಪ್ಯಾಷನ್ ಹಣ್ಣಿನ ವಾಸನೆ ಎದ್ದಿತು, ಹುಳಿ ನಾಲಿಗೆಯ ಎರಡೂ ಬದಿಯಲ್ಲಿ ಉದ್ದಕ್ಕೆ ಹರಿದು, ಕೊನೆಗೆ ಉಪ್ಪಿನ ನೆರಳಿನಂಥದ್ದು ಉಳಿಯಿತು. ಹೊಳೆಮೀನಿನ ಹುರುಕಲಿನ ಜೊತೆಗೆ ಎರಡೂ ಒಪ್ಪಿದವು. ಆದರೆ ಉಳಿದರ್ಧವನ್ನು ಮರುದಿನ ಸಂಜೆ ಕುಡಿದಾಗ ಇಟಲಿಯದು ಹಿಂದಿನ ದಿನಕ್ಕಿಂತ ಚೆನ್ನಾಗಿತ್ತು, ನಂದಿಯದು ಪೂರಾ ಬಿದ್ದುಹೋಗಿತ್ತು. ಬಿರಡೆ ತೆಗೆದ ಮೇಲೆ ವೈನು ಎಷ್ಟು ತಾಳುತ್ತದೆ ಎಂಬುದಕ್ಕೆ ಎರಡನೆಯ ದಿನದಷ್ಟು ನೆಟ್ಟಗಿನ ಪರೀಕ್ಷೆ ಇನ್ನೊಂದಿಲ್ಲ.

ಊಟದ ಜೊತೆಗಿನ ನಿಜವಾದ ಸ್ಪರ್ಧೆ ನಡೆದದ್ದು ಆಲ್ಟೊ ಅಡಿಜೆಯ ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನಿಗೂ ನಾಸಿಕದ ಶೆನಾನ್ ಬ್ಲಾಂಕ್ ಎಂಬ ಇನ್ನೊಂದು ಬಿಳಿ ವೈನಿಗೂ. ಗೆವುರ್ಟ್ಸ್‌ಟ್ರಾಮಿನರ್‌ಗೆ ಹೆಸರು ಬಂದದ್ದು ಆಲ್ಟೊ ಅಡಿಜೆಯ ಟ್ರಾಮಿನ್ ಎಂಬ ಹಳ್ಳಿಯಿಂದ. ಲಿಚಿ ಹಣ್ಣಿಗೂ ಗುಲಾಬಿಗೂ ಪರಿಮಳ ಕೊಡುವ ಒಂದು ರಾಸಾಯನಿಕ ಇದರಲ್ಲೂ ಇದೆ. ನಮ್ಮ ಕಡೆಯವರಿಗೆ ಹೇಳುವುದಾದರೆ ಹೊಳೆದಂಡೆಯ ಪನ್ನೇರಳೆಯನ್ನು ಕಚ್ಚಿದಾಗ ಬರುವ ವಾಸನೆಯೇ ಸರಿ. ಬಣ್ಣವೂ ಬಂಗಾರದ ಕಡೆಗೆ ತಿರುಗಿರುತ್ತದೆ. ಕಳಲೆ ಪಲ್ಯ ಮತ್ತು ಬಿಸಿ ಕಡುಬಿನ ಜೊತೆಗೆ ಇದು ಬಲು ಸೊಗಸಾಗಿತ್ತು: ಕಳಲೆಯ ಒಂದು ಬಗೆಯ ಘಾಟನ್ನು ಮುಚ್ಚದೆ, ಅದರ ಪಕ್ಕದಲ್ಲೇ ನಿಂತಿತು. ಆದರೆ ಖಾರದ ಕೋಳಿಸಾರು ಬಂದ ಕೂಡಲೇ ಸೋತಿತು. ಈ ತಳಿಗೆ ಹುಟ್ಟಾ ಹುಳಿ ಕಡಿಮೆ, ಆಲ್ಕೋಹಾಲ್ ಹೆಚ್ಚು, ಹಲವು ಬಾಟಲಿಗಳಲ್ಲಿ ಶೇಕಡಾ 14 ದಾಟುತ್ತದೆ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಎಬ್ಬಿಸುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ನಂಜಿಕೊಂಡಾಗಲಂತೂ ವೈನು ಕಹಿಯೇ ಆಯಿತು. ತುಸು ಸಿಹಿ ಉಳಿಸಿದ ನಾಸಿಕದ ಶೆನಾನ್, ಪರಿಮಳದಲ್ಲಿ ಅದರ ಹತ್ತಿರವೂ ಬರದಿದ್ದರೂ, ಕೋಳಿಸಾರಿನ ಎದುರು ನಿರಾಳವಾಗಿ ನಿಂತಿತು. ಸಿಹಿ ಉರಿಯನ್ನು ತಗ್ಗಿಸಿತು, ಹಗುರ ಆಲ್ಕೋಹಾಲ್ ಅದನ್ನು ಕೆರಳಿಸಲಿಲ್ಲ. "ಇದೇ ಇರಲಿ, ಆ ಸೆಂಟಿನ ಬಾಟಲಿ ನೀವೇ ಕುಡೀರಿ" ಎಂದು ಅಕ್ಕ ಶೆನಾನ್ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆಲೆಯಲ್ಲಿಯೂ ಅದೇ ಕೈಗೆಟುಕುವಂಥದ್ದು; ಖಾರದ ಊಟಕ್ಕೆ ನನ್ನ ಮತವೂ ಅದಕ್ಕೇ.

ಖಾರ ಕಡಿಮೆಯಿರುವ ಅಕ್ಕಿರೊಟ್ಟಿ, ಕಾಯಿಚಟ್ನಿ, ಪತ್ರೊಡೆಗಳಿಗೆ ಆಲ್ಟೊ ಅಡಿಜೆಯ ಪಿನೋ ಬಿಯಾಂಕೊ ಎಂಬ ಬಿಳಿ ವೈನಿನಷ್ಟು ಒಪ್ಪುವುದನ್ನು ನಾನು ಕುಡಿದಿಲ್ಲ. ಹಸಿ ಸೇಬು, ಪೇರ್, ನೇರವಾದ ಹುಳಿ, ಇಷ್ಟೇ, ಅಬ್ಬರವಿಲ್ಲ. ಇದರ ಲೇಬಲ್ ಮೇಲೆ ವೈಸ್‌ಬುರ್ಗುಂಡರ್, ಸ್ಯೂಡ್‌ಟಿರೋಲ್ ಎಂದಿದ್ದರೆ ಬೇರೆ ವೈನೆಂದು ಬಿಡಬೇಡಿ, ಅವು ಅದೇ ತಳಿಯ ಮತ್ತು ಅದೇ ಸೀಮೆಯ ಜರ್ಮನ್ ಹೆಸರುಗಳು. ಮೊದಲ ಮಹಾಯುದ್ಧದವರೆಗೆ ಆ ಸೀಮೆ ಆಸ್ಟ್ರಿಯಾದ ಆಡಳಿತದಲ್ಲಿತ್ತು, ಇಂದಿಗೂ ಅಲ್ಲಿ ಜರ್ಮನ್ ಮಾತನಾಡುವವರೇ ಹೆಚ್ಚು.

ಕೆಂಪು ವೈನುಗಳ ಮಾತು ಚಿಕ್ಕದು. ಆಲ್ಟೊ ಅಡಿಜೆಯಲ್ಲಿ ಚಪ್ಪರದ ಮೇಲೆ ಹಬ್ಬಿಸಿ ಬೆಳೆಯುವ ಸ್ಕಿಯಾವಾ ತಳಿಯದು ತಿಳಿಬಣ್ಣದ್ದು, ಒಗರು ಬಹಳ ಕಡಿಮೆ. ನಂದಿ ತಪ್ಪಲಿನ ಕ್ಯಾಬರ್ನೆ–ಶಿರಾಜ್ ಮಿಶ್ರಣ ದಪ್ಪನೆಯದು, ಓಕ್ ಪೀಪಾಯಿಯ ವಾಸನೆ, ಕಾಳುಮೆಣಸಿನ ಘಾಟು, ಒಗರೂ ಜಾಸ್ತಿ. ಬಿಸಿಲು ಬೇಡುವ ಈ ತಳಿಗಳಿಗೆ ನಮ್ಮ ಹವೆ ಒಗ್ಗಿದೆ. ಕಾಳುಮೆಣಸು ಹಾಕಿ ಹುರಿದ ಹಂದಿಮಾಂಸಕ್ಕೆ ನಂದಿಯದನ್ನೇ ಆರಿಸುತ್ತೇನೆ, ಸ್ಕಿಯಾವಾ ಆ ಮಸಾಲೆಯಡಿ ಕಾಣೆಯಾಗುತ್ತದೆ. ಆದರೆ ಮೇ ತಿಂಗಳ ಸೆಕೆಯಲ್ಲಿ ಎರಡನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡದೆ ಕುಡಿಯಬಾರದು.

ಕೊಳ್ಳುವವರಿಗೆ ಒಂದು ಎಚ್ಚರಿಕೆಯಿದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಬಿಸಿಲು ಬೀಳುವ ಶೋಕೇಸ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟಿದ್ದ ಬಿಳಿ ವೈನು ನನಗೆ ಬೇಯಿಸಿದ ಸೇಬಿನ ವಾಸನೆ ಹೊಡೆಯುತ್ತಾ ಸಿಕ್ಕಿತ್ತು, ಬಿರಡೆಯೂ ಒಣಗಿ ಪುಡಿಯಾಗಿತ್ತು. ನಮ್ಮ ಬಿಳಿ ವೈನುಗಳು ಇಟ್ಟು ಕುಡಿಯುವಂಥವಲ್ಲ. ತಿರುಪು ಮುಚ್ಚಳದ, ಇತ್ತೀಚಿನ ಕೊಯ್ಲಿನ ವರ್ಷ ನಮೂದಿಸಿರುವ ಬಾಟಲಿಯನ್ನು ಒಳಗಿನ ದಾಸ್ತಾನಿನಿಂದ ಕೇಳಿ ತೆಗೆಸಿಕೊಳ್ಳಿ.