1:72 ಮಿಗ್-21 ಮಾಡೆಲ್ ಕಿಟ್: ಗೆಳೆಯನ ವಿಮಾನ ಕಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡೆಲ್ ಕಟ್ಟುವವನಲ್ಲ. ಇದೇ ಮೊದಲು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಏರ್‌ಫೋರ್ಸ್ ಸೇರಿ ಪೈಲಟ್ ಆದ, ಮಿಗ್-21 ಹಾರಿಸಿದ, ಒಂದು ದಿನ ಬೆಳಿಗ್ಗೆ ಹಾರಿ ಹೋದವನು ವಾಪಸ್ ಬರಲಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಗೆ ಬೀಳ್ಕೊಡುಗೆ ಕೊಟ್ಟರಲ್ಲ, ಅದನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ, 62 ವರ್ಷ ದುಡಿದಿದೆ. ಅವನಿದ್ದಿದ್ದರೆ ಆ ದಿನ ಅಲ್ಲಿರುತ್ತಿದ್ದ ಅಂತ ಅನ್ನಿಸಿ ಸುಮ್ನೆ ಕೂರಲಾಗಲಿಲ್ಲ. ರಾತ್ರಿಯೇ ಈ ಕಿಟ್ ಆರ್ಡರ್ ಮಾಡಿದೆ.

ಬಾಕ್ಸ್ ಚೆನ್ನಾಗಿ ಪ್ಯಾಕ್ ಆಗಿ ಬಂತು, ಏನೂ ಮುರಿದಿರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಭಾಗಗಳೆಲ್ಲ ಅಂಟಿಕೊಂಡಿರುತ್ತವೆ, ಒಂದೊಂದನ್ನೇ ಕತ್ತರಿಸಿ ತೆಗೆಯಬೇಕು. ಅಂಟು, ಬಣ್ಣ, ಬ್ರಷ್ ಯಾವುದೂ ಜೊತೆಗೆ ಬರಲ್ಲ, ಬೇರೆ ತರಬೇಕು. ಇದು ಗೊತ್ತಿಲ್ಲದೆ ನಾನು ಮೊದಲ ವಾರ ಬಾಕ್ಸ್ ನೋಡುತ್ತಾ ಕೂತೆ.

ಅಳತೆಯ ವಿಷಯಕ್ಕೆ ಬಂದರೆ ನಿಖರವಾಗಿದೆ. 1:72 ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು. ನಿಜವಾದ ಮಿಗ್-21ರ ರೆಕ್ಕೆ ಈ ತುದಿಯಿಂದ ಆ ತುದಿಗೆ ಬರೀ 7.15 ಮೀಟರ್. ಅದನ್ನು 72ರಿಂದ ಭಾಗಿಸಿದರೆ 10 ಸೆಂಟಿಮೀಟರ್‌ಗೂ ಒಂದು ಕೂದಲೆಳೆ ಕಡಿಮೆ. ನಾನು ಸ್ಕೇಲ್ ಇಟ್ಟು ನೋಡಿದೆ, ಸರಿಯಾಗಿದೆ. ಅಷ್ಟು ಪುಟ್ಟ ತ್ರಿಕೋನದ ರೆಕ್ಕೆ, ಒಂದೇ ಎಂಜಿನ್, ಒಂದೇ ಸೀಟು, ಮೂಗಿನ ತುದಿಯಲ್ಲೇ ಗಾಳಿ ಎಳೆಯುವ ದೊಡ್ಡ ಬಾಯಿ, ಅದರ ನಡುವೆ ಒಂದು ಕೋನ್. ಇದು ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹೋಗುತ್ತಿತ್ತು. ಕೈಯಲ್ಲಿ ಹಿಡಿದಾಗ ಇದರಲ್ಲಿ ಒಬ್ಬ ಮನುಷ್ಯನಿಗೆ ಎಷ್ಟು ಕಡಿಮೆ ಜಾಗ ಇತ್ತು ಅನ್ನೋದು ನನಗೆ ಮೊದಲ ಸಲ ಅರ್ಥವಾಯಿತು.

ಅಳತೆ ಅಂದಾಗ ನೆನಪಾಯಿತು. ಪೈಲಟ್ ಆಗಲು ಕಾಲಿನ ಉದ್ದ ಕನಿಷ್ಠ 99 ಸೆಂಟಿಮೀಟರ್ ಇರಬೇಕು ಅಂತ ಅವನು ಎಲ್ಲೋ ಓದಿಕೊಂಡು ಬಂದಿದ್ದ. ಆವತ್ತಿನಿಂದ ಶುರು. ಅವರಮ್ಮನ ಹೊಲಿಗೆ ಟೇಪ್ ಕದ್ದು ತಂದು, ಕ್ಲಾಸಿನ ಗೋಡೆಗೆ ಬೆನ್ನು ಒತ್ತಿ ನೆಲದ ಮೇಲೆ ಕಾಲು ಚಾಚಿ ಕೂತು, ನನ್ನ ಕೈಯಲ್ಲಿ ಪ್ರತಿ ತಿಂಗಳು ಅಳೆಸುತ್ತಿದ್ದ. 99 ದಾಟಿದ ದಿನ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದ. ಅವನ ಜಾಮಿಟ್ರಿ ಬಾಕ್ಸಿನಲ್ಲಿ ಮಡಚಿಟ್ಟ ಒಂದು ಪೇಪರ್ ತುಂಡಿತ್ತು, ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಫೋಟೊ. 1999ರ ಮೇ 27ರಂದು ಕಾರ್ಗಿಲ್‌ನಲ್ಲಿ ಜೊತೆಗಾರ ವಿಮಾನದಿಂದ ಹೊರಗೆ ಹಾರಿದ್ದಾನೆ ಅಂತ ಗೊತ್ತಾದ ಮೇಲೆ, ಅವನು ಬಿದ್ದ ಜಾಗ ಹುಡುಕುತ್ತಾ ಅಲ್ಲೇ ಉಳಿದವರು ಅಹುಜಾ. ಕ್ಷಿಪಣಿ ಬಡಿದು ಅಹುಜಾ ಮರಳಲಿಲ್ಲ. ಅವರು ಹಾರಿಸುತ್ತಿದ್ದದ್ದೂ ಮಿಗ್-21. ನಮಗೆಲ್ಲ ಅದು ಸುದ್ದಿ. ಇವನಿಗೆ ಮಾತ್ರ ಅದು ಸುದ್ದಿಯಾಗಿ ಉಳಿಯಲಿಲ್ಲ. ಪಿಯುಸಿ ಮುಗಿಸಿ, ಮೈಸೂರಿನ ಸೆಲೆಕ್ಷನ್ ಬೋರ್ಡ್‌ನಲ್ಲಿ ಪಾಸಾಗಿ, ಖಡಕ್‌ವಾಸ್ಲಾದ ಎನ್‌ಡಿಎಗೆ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಗೆ, ಹೊರಟೇಬಿಟ್ಟ.

ಕಿಟ್‌ನ ದೊಡ್ಡ ದೋಷ ಅಂದರೆ ಜೋಡಣೆ. ವಿಮಾನದ ಹೊಟ್ಟೆ ಎಡ ಬಲ ಎರಡು ಹೋಳಾಗಿ ಬರುತ್ತದೆ, ಸೇರಿಸಿದರೆ ಬೆನ್ನಿನ ಉದ್ದಕ್ಕೂ ಒಂದು ಗೆರೆ ಎದ್ದು ಕಾಣುತ್ತದೆ. ಎಮರಿ ಪೇಪರ್‌ನಿಂದ ಮೂರು ಸಂಜೆ ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಮೂಗಿನೊಳಗೆ ತೂಕ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ, ನಾನು ಎರಡು ಪುಟ್ಟ ನಟ್ ತುರುಕಿದೆ. ಇನ್ನೊಂದು, ಸ್ಟಿಕ್ಕರ್‌ಗಳು. ನೀರಲ್ಲಿ ಅರ್ಧ ನಿಮಿಷ ನೆನೆಸಿ ಜಾರಿಸಿ ಕೂರಿಸಬೇಕು. ಕೂರುವುದೇನೋ ಚೆನ್ನಾಗಿ ಕೂರುತ್ತವೆ, ಆದರೆ ನಮ್ಮ ವಾಯುಪಡೆಯ ದುಂಡು ಗುರುತಿನ ಕೇಸರಿಯನ್ನು ಕೆಂಪು ಮಾಡಿಟ್ಟಿದ್ದಾರೆ. ಅದು ನನಗೆ ಬೇಜಾರಾಯಿತು, ತೆಳುವಾಗಿ ಕೇಸರಿ ಬಣ್ಣ ಹಚ್ಚಿ ಸರಿಮಾಡಿದೆ.

ನಂಬರಿಗೆ ಜಾಸ್ತಿ ಹೊತ್ತು ಹಿಡಿಯಿತು. ಅವನು ನನಗೆ ಕಳಿಸಿದ ಫೋಟೊ ಒಂದೇ ಒಂದು ಇದೆ, ಏಣಿಯ ಪಕ್ಕ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾನೆ. ವಿಮಾನದ ನಂಬರಿನ ಅರ್ಧ ಅವನ ಭುಜದ ಹಿಂದೆ ಹೋಗಿದೆ, ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತವೆ. ಹಾಳೆಯಿಂದ ಆ ಮೂರನ್ನೇ ಕತ್ತರಿಸಿ ಚಿಮಟದಲ್ಲಿ ಹಿಡಿದು ಅಂಟಿಸಿದೆ. ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ. ಗೊತ್ತಿಲ್ಲದ ನಂಬರ್ ಹಾಕಲು ಮನಸ್ಸು ಬರಲಿಲ್ಲ.

ಈ ವಿಮಾನವನ್ನು ಹಾರುವ ಶವಪೆಟ್ಟಿಗೆ ಅಂತ ಕರೆಯುವವರಿದ್ದಾರೆ. ಅಪಘಾತಗಳು ಆಗಿದ್ದು ನಿಜ, ಅದನ್ನು ಕೇಳಬೇಕಾದವರನ್ನು ಕೇಳಲೇಬೇಕು. ಆದರೆ ದಯವಿಟ್ಟು ಆ ಮಾತನ್ನು ಪೈಲಟ್ ಮನೆಯವರ ಎದುರು ಆಡಬೇಡಿ. ಅವನು ಅದನ್ನು ಪ್ರೀತಿಯಿಂದ ಹಾರಿಸಿದ.

ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಪೈಲಟ್ ಗೊಂಬೆ. ಕೂತ ಭಂಗಿ, ಎತ್ತರ ಒಂದೂಕಾಲು ಸೆಂಟಿಮೀಟರ್ ಅಷ್ಟೇ, ಎರಡು ಕಡಲೆಕಾಳು ಒಂದರ ಮೇಲೊಂದು ಇಟ್ಟಷ್ಟು. ಆದರೂ ಬೆಲ್ಟಿನ ಪಟ್ಟಿ, ಬೂಟು, ಮಾಸ್ಕಿನ ಪೈಪು ಎಲ್ಲ ಇದೆ. ಎರಡೂ ಕೈ ತೊಡೆಯ ನಡುವೆ ಸ್ಟಿಕ್ ಹಿಡಿದಿವೆ. ಅದಕ್ಕೆ ಬಣ್ಣ ಹಚ್ಚುವಾಗ ಕೈ ನಡುಗುತ್ತಿತ್ತು, ಎರಡು ಸಲ ಬಿಟ್ಟು ಎದ್ದುಹೋದೆ.

ಮುಗಿಸಿ ಅವರಮ್ಮನ ಹತ್ತಿರ ತೊಗೊಂಡು ಹೋದೆ. ಈಗಲೂ ಹೊಲಿಯುತ್ತಾರೆ. ಕನ್ನಡಕ ಹಾಕಿಕೊಂಡು ವಿಮಾನದ ಬೆನ್ನ ಮೇಲೆ ಬೆರಳಾಡಿಸಿ, "ಹೊಲಿಗೆ ಕಾಣ್ತಿದೆಯಲ್ಲೋ" ಅಂದರು. ಹೌದಮ್ಮ, ಎಷ್ಟು ಉಜ್ಜಿದರೂ ಹೋಗ್ಲಿಲ್ಲ ಅಂದೆ. ಆಮೇಲೆ, "ಅವನು ಎಲ್ಲಿ ಕೂರ್ತಿದ್ದ?" ಅಂತ ಕೇಳಿದರು. ತೋರಿಸಿದೆ. ಗೊಂಬೆಗೆ ನಾನು ಅಂಟು ಹಾಕಿರಲಿಲ್ಲ. ಸೂಜಿಯ ತುದಿಯಲ್ಲಿ ಅದನ್ನು ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಮತ್ತೆ ಸೀಟಿನಲ್ಲಿ ಕೂರಿಸಿದರು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಕೇಸರಿಗೆ ಮತ್ತು ಜೋಡಣೆಗೆ. ಕೊಳ್ಳುವವರು ಒಂದು ಗಮನಿಸಿ. ಕ್ಯಾನೊಪಿ, ಅಂದರೆ ತಲೆಯ ಮೇಲಿನ ಗಾಜಿನ ಮುಚ್ಚಳ, ಮುಚ್ಚಿಯೂ ಅಂಟಿಸಬಹುದು, ಬಲಕ್ಕೆ ತೆರೆದ ಹಾಗೂ ಇಡಬಹುದು. ಮುಚ್ಚಿದರೆ ನೋಡಲು ಅಂದ ಅಂತ ನಾನು ಅಂಟಿನ ಬಾಟಲಿ ಜೊತೆಗೇ ಒಯ್ದಿದ್ದೆ. ಅಮ್ಮ ಬೇಡ ಅಂದರು.

"ಮುಚ್ಚಬೇಡ ಕಣೋ, ಅವನಿಗೆ ಸೆಕೆ ತಡೆಯಲ್ಲ."

ತೆರೆದೇ ಇದೆ, ಹೊಲಿಗೆ ಮಷೀನಿನ ಪಕ್ಕ, ಕಿಟಕಿಯಲ್ಲಿ.